ಒಳಗಿನ ಚಿಲಕ

ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಎರಡು ಪತ್ರ ಬಂದರೂ ಒಂದು ಸಾಲು ಉತ್ತರ ಬರೆದಿಲ್ಲ. ಬೈದುಕೊಳ್ತಿರ್ತೀಯ, ಬೈದುಕೋ. ಬೈಸಿಕೊಳ್ಳೋ ಕೆಲಸವನ್ನೇ ಮಾಡಿದ್ದೀನಿ. ಅಂಗಡೀಲಿ ಕೆಲಸ ಜಾಸ್ತಿ, ಕನ್ನಡಕ ಒಡೆದಿತ್ತು ಅಂತ ಏನಾದರೂ ನೆಪ ಹೇಳಬಹುದು. ಆದರೆ ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತೆ ಅಂತ ಚಿಕ್ಕಂದಿನಿಂದ ನಿನಗೆ ಗೊತ್ತು. ಬರೆಯೋಕೆ ಮುಖ ಇರಲಿಲ್ಲ, ಅಷ್ಟೇ.

ನೀನು ಮೆಣಸಿನಕಾಯಿ ಅಂತ ಕರೆಯೋ ನನ್ನ ಮಗಳಿಗೆ ಮೊನ್ನೆ ಹದಿನಾಲ್ಕು ತುಂಬಿತು. ಅವಳಮ್ಮ ತೀರಿಹೋದ ಹೊಸದರಲ್ಲಿ ನನ್ನ ಬೆನ್ನು ಬಿಡ್ತಿರಲಿಲ್ಲ. ಈ ವರ್ಷ ಏನಾಯಿತೋ, ಊಟಕ್ಕೆ ಬಾ ಅಂದರೆ ಹಸಿವಿಲ್ಲ, ಸ್ಕೂಲಿಗೆ ಹೊರಡು ಅಂದರೆ ಹೋಗಲ್ಲ. ಪರೀಕ್ಷೇಲಿ ಖಾಲಿ ಹಾಳೆ ಕೊಟ್ಟು ಎದ್ದು ಬಂದಿದ್ದಾಳೆ. ಯಾಕೆ ಅಂತ ಕೇಳಿದರೆ, "ನನ್ನಿಷ್ಟ." ಕೈ ಎತ್ತಿದೆ ಅಕ್ಕ. ಹೊಡೀಲಿಲ್ಲ, ಆದರೆ ಎತ್ತಿದ್ದು ಎತ್ತಿದ್ದೇ.

ಆವತ್ತಿಂದ ಕೋಣೆ ಬಾಗಿಲು ಹಾಕಿಕೊಳ್ಳೋಕೆ ಶುರು ಮಾಡಿದಳು. ನಾನಾದರೂ ಯಾರು? ಇಪ್ಪತ್ತೆರಡು ವರ್ಷದಿಂದ ಊರವರ ಬೀಗ ರಿಪೇರಿ ಮಾಡ್ತಿರೋನು. ಬೀಗ ಹಾಕಿದಳು, ತಂತಿ ತೂರಿಸಿ ತೆಗೆದೆ. ಒಳಗಿಂದ ಚಿಲಕ ಹಾಕಿದಳು, ಸಂದೀಲಿ ತೆಳು ತಗಡು ಹಾಕಿ ಅದನ್ನೂ ಸರಿಸಿದೆ. ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿ ಚಿಲಕವನ್ನೇ ಬಿಚ್ಚಿ ಅಂಗಡಿಗೆ ತಂದಿಟ್ಟೆ. ಪ್ರತಿ ಸಲ ಬಾಗಿಲು ತೆಗೆದಾಗಲೂ ಅವಳು ಗೋಡೆಗೆ ಮುಖ ಮಾಡಿಕೊಂಡು ಕೂತಿರ್ತಿದ್ದಳು. ನಾನು ಏನೋ ದೊಡ್ಡ ಕೆಲಸ ಮಾಡಿದೋನ ಹಾಗೆ ಹೊಸ್ತಿಲಲ್ಲಿ ನಿಂತಿರ್ತಿದ್ದೆ.

ಕೌನ್ಸೆಲರ್ ಹತ್ತಿರ ಕರ್ಕೊಂಡು ಹೋಗಿ ಅಂತ ಅವಳ ಟೀಚರ್ ಹೇಳಿದರು. "ನನ್ನ ಮಗಳಿಗೇನು ಹುಚ್ಚಾ?" ಅಂತ ರೇಗಿ ಬಂದೆ. ವಾರ ಕಳೆದ ಮೇಲೆ ತೆಪ್ಪಗೆ ಅವಳನ್ನ ಕರ್ಕೊಂಡು ಹೋದೆ. ಆಸ್ಪತ್ರೆಯ ಎರಡನೇ ಮಹಡಿ, ನಿನ್ನ ವಯಸ್ಸಿನ ಹೆಂಗಸು. ಮೊದಲು ಅವಳ ಹತ್ತಿರ ಮಾತಾಡಿದರು, ಆಮೇಲೆ ನನ್ನ ಕರೆದರು. ಅವರ ಮೇಜಿನ ಖಾನೆ ಬೀಗ ಸಿಕ್ಕಿಕೊಂಡಿತ್ತು. ನನ್ನ ಕೈ ಸುಮ್ಮನಿರುತ್ತಾ? ಮಾತಾಡ್ತಾ ಅದನ್ನೂ ಸರಿಮಾಡಿಕೊಟ್ಟೆ. ಅವರು ನೋಡ್ತಾ ಇದ್ದು ಕೇಳಿದರು, "ಮಗಳ ಬಾಗಿಲು ಯಾವತ್ತಾದರೂ ತಟ್ಟಿದ್ದೀರಾ?"

"ತೆಗೆಯೋಕೆ ಬರದವರು ತಟ್ಟುತ್ತಾರೆ ಮೇಡಂ," ಅಂದೆ. ನಗ್ತಾರೆ ಅಂದುಕೊಂಡೆ. ನಗಲಿಲ್ಲ.

"ಚಿಲಕ ವಾಪಸ್ ಹಾಕಿ. ದಿನಾ ಒಂದು ಸಲ ತಟ್ಟಿ. ತೆಗೆಯೋದು ಅವಳಿಗೆ ಬಿಡಿ," ಅಂದರು.

ಮನೆಗೆ ಬಂದು ಅವಳ ಕಣ್ಣೆದುರೇ ಚಿಲಕ ಮತ್ತೆ ಕೂರಿಸಿದೆ. ನನ್ನ ಕೈಗೆ ಇದಕ್ಕಿಂತ ಕಷ್ಟದ ಕೆಲಸ ಬಂದಿಲ್ಲ. ದಿನಾ ಅಂಗಡಿಯಿಂದ ಬಂದು ಕೈಕಾಲು ತೊಳೆದು ತಟ್ಟೋದು, ಸ್ವಲ್ಪ ಹೊತ್ತು ನಿಲ್ಲೋದು, ಬಂದುಬಿಡೋದು. ಹದಿನೆಂಟು ದಿನ ಒಳಗಿಂದ ಒಂದು ಸದ್ದಿಲ್ಲ. ನಿನ್ನೆ, ಹತ್ತೊಂಬತ್ತನೇ ದಿನ, "ಏನು?" ಅಂದಳು. ಏನು ಹೇಳಬೇಕು ಅಂತ ನಾನು ಯೋಚನೆ ಮಾಡಿಕೊಂಡೇ ಇರಲಿಲ್ಲ ನೋಡು.

"ಏನಿಲ್ಲ, ತಟ್ಟಿದೆ," ಅಂದೆ.

"ಗೊತ್ತಾಯಿತು." ಆಮೇಲೆ ಬಾಗಿಲ ಹತ್ತಿರ ಬಂದಳು ಅಂತ ಕಾಣುತ್ತೆ, ದನಿ ಹತ್ತಿರವಾಯಿತು. "ಅಪ್ಪಾ, ಅತ್ತೆ ಯಾವತ್ತಾದರೂ ನನ್ನನ್ನ ಕೇಳ್ತಾರಾ?"

"ಕೇಳ್ತಿರ್ತಾಳೆ," ಅಂದುಬಿಟ್ಟು ಅಲ್ಲಿಂದ ಬಂದೆ.

ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ಹೇಳು. ನಿನ್ನ ಆಶೀರ್ವಾದ ಇರಲಿ, ನನಗಿಂತ ಮೊದಲು ಅವಳಿಗೆ.

ನಿನ್ನ ತಮ್ಮ,
ಬೀಗದವನು

ವಿ.ಸೂ.: ಫೆಬ್ರವರೀಲಿ ನೀನು ಅವಳಿಗೆ ಬರೆದ ಪತ್ರ ಸಿಕ್ಕಿತಾ ಅಂತ ಎರಡು ಸಲವೂ ಕೇಳಿದ್ದೀಯ. ಸಿಕ್ಕಿದ್ದು ನನಗೆ. ಅಂಚೆಯವನು ಅಂಗಡೀಲಿ ಕೊಟ್ಟ. ಅವಳ ಹೆಸರಿತ್ತು, ಆದರೂ ಒಡೆದೆ. ತೆಗೆದು ತೆಗೆದು ಅಭ್ಯಾಸವಾದ ಕೈ. ಒಂದು ವರ್ಷ ನಿಮ್ಮ ಹತ್ತಿರ ಇರಲಾ ಅಂತ ಅವಳು ನಿನಗೆ ಬರೆದು ಕೇಳಿದ್ದಕ್ಕೆ, "ಬಾ ಮಗಳೇ, ಕಿಟಕಿ ಕಡೆಯ ಕೋಣೆ ಖಾಲಿ ಮಾಡಿದ್ದೀನಿ" ಅಂತ ನೀನು ಬರೆದಿದ್ದೆ. ಅವಳೂ ಹೋದರೆ ಈ ಮನೇಲಿ ನನಗೆ ಯಾರಿದ್ದಾರೆ ಅಂತ ಹೆದರಿ, ಪತ್ರವನ್ನ ಹಳೇ ಬೀಗದ ಕೈಗಳ ಡಬ್ಬದ ಅಡೀಲಿ ಇಟ್ಟೆ. ಎಂಟು ತಿಂಗಳಿಂದ, ಅತ್ತೆಗೂ ನಾನು ಬೇಡ ಅಂದುಕೊಂಡು ಅವಳು ಬಾಗಿಲು ಹಾಕಿಕೊಂಡಿದ್ದಾಳೆ. "ಈ ವರ್ಷ ಏನಾಯಿತೋ" ಅಂತ ಮೇಲೆ ಬರೆದಿದ್ದು ಸುಳ್ಳು. ಕೌನ್ಸೆಲರ್‌ಗೂ ಇದನ್ನ ಹೇಳಲಿಲ್ಲ.

ಇವತ್ತು ಸಂಜೆ ಬಾಗಿಲು ತಟ್ಟಿ, ನಿನ್ನ ಪತ್ರ ಅಡಿಯಿಂದ ಒಳಗೆ ಸರಿಸಿ, ಅಲ್ಲೇ ನೆಲದ ಮೇಲೆ ಕೂತಿರ್ತೀನಿ. ಅವಳು ಹೊರಡ್ತೀನಿ ಅಂದರೆ ನಾನೇ ಕರ್ಕೊಂಡು ಬಂದು ಬಿಡ್ತೀನಿ. ನಿನ್ನ ಆ ಕೋಣೆಗೆ ಒಳಗಿಂದ ಚಿಲಕ ಇಲ್ಲ ಅಂತ ನೆನಪು. ಒಂದು ಹಿತ್ತಾಳೆಯದು ಇದರ ಜೊತೆ ಕಳಿಸಿದ್ದೀನಿ. ಅವಳು ಬರೋದರೊಳಗೆ ಹಾಕಿಸು. ಬಾಗಿಲ ಸಂದಿ ಸ್ವಲ್ಪವೂ ಬಿಡಬೇಡ ಅಂತ ಬಡಗಿಗೆ ಹೇಳು. ಹೊರಗಿಂದ ಅದು ನನಗೂ ತೆಗೆಯೋಕೆ ಬರಬಾರದು.