ಕಪ್ಪುಕುಳಿಯ ವೇಗ ತಿದ್ದಲು ಒಂದು ಸಹಿ

ಸಂಶೋಧನಾ ಕೇಂದ್ರದ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ನಾನು ತಪ್ಪು ಮಾಡಿದ್ದೇನೆ. ಅದನ್ನು ಒಪ್ಪಿಕೊಳ್ಳಲು ಹನ್ನೊಂದು ತಿಂಗಳಿಂದ ತಮ್ಮ ಕಚೇರಿಗೆ ಅಲೆಯುತ್ತಿದ್ದೇನೆ. ತಪ್ಪಿಗೆ ತಮ್ಮ ಸಹಿ ಒಂದೇ ದಿನದಲ್ಲಿ ಸಿಕ್ಕಿತ್ತು.

ಕಪ್ಪುಕುಳಿ ಕಣ್ಣಿಗೆ ಕಾಣುವುದಿಲ್ಲ. ಅದರ ಸುತ್ತ ಗಿರಕಿ ಹೊಡೆಯುತ್ತಾ ಒಳಗೆ ಬೀಳುವ ಅನಿಲದ ತಟ್ಟೆ ಕಾದು ಎಕ್ಸ್-ರೇ ಸೂಸುತ್ತದೆ. ಕುಳಿ ವೇಗವಾಗಿ ತಿರುಗಿದಷ್ಟೂ ತಟ್ಟೆಯ ಒಳಅಂಚು ಅದರ ಹತ್ತಿರ ಸರಿಯುತ್ತದೆ. ಆ ಅಂಚನ್ನು ಎಕ್ಸ್-ರೇಯಲ್ಲಿ ಅಳೆದು ತಿರುಗುವ ವೇಗ ಹೇಳುವುದೇ ನನ್ನ ಎಂಟು ವರ್ಷದ ಕೆಲಸ. ಗರಿಷ್ಠ ವೇಗ ಒಂದು ಎಂದಿಟ್ಟುಕೊಂಡರೆ ನಮ್ಮ ಕುಳಿಯದು 0.98 ಎಂದು ಲೇಖನ ಪ್ರಕಟಿಸಿದೆ. ತಾವು ಆ ಸಂಖ್ಯೆಯನ್ನು ಪ್ರವೇಶದ್ವಾರದ ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸಿದಿರಿ, ಹೊಸ ದೂರದರ್ಶಕಕ್ಕೆ ಹಣ ಕೇಳುವ ಪ್ರಸ್ತಾವನೆಯ ಮೊದಲ ಸಾಲಿಗೂ ಏರಿಸಿದಿರಿ.

ಆಮೇಲೆ ಗೊತ್ತಾಯಿತು. ಬೆಳಕು ಅಷ್ಟು ಪ್ರಖರವಾಗಿದ್ದಾಗ ಎರಡು ಎಕ್ಸ್-ರೇ ಕಣಗಳು ಒಟ್ಟಿಗೆ ಬಂದು ಬೀಳುತ್ತವೆ, ಉಪಕರಣ ಎರಡನ್ನೂ ಕೂಡಿಸಿ ಒಂದೇ ಎಂದು ಬರೆದುಕೊಳ್ಳುತ್ತದೆ. ಅದಕ್ಕೇ ಚಿತ್ರದಲ್ಲಿ ಬೆಳಕು ಹೆಚ್ಚು ಬಿದ್ದಿರುವ ನಡುಭಾಗವನ್ನು ಕತ್ತರಿಸಿ ಬಿಸಾಡಬೇಕು. ನಾನು ಬಿಸಾಡಿರಲಿಲ್ಲ. ಕತ್ತರಿಸಿ ಮತ್ತೆ ಅಳೆದರೆ 0.6 ಬಂತು.

ಲೇಖನದ ತಿದ್ದುಪಡಿಗೆ ತಮ್ಮ ಸಹಿ ಬೇಕು. ಪ್ರಸ್ತಾವನೆ ಮಂಜೂರಾಗುವ ತನಕ ತಾವು ಹಾಕುವುದಿಲ್ಲ. ಪಿಎಚ್.ಡಿ. ಪ್ರಬಂಧದ ಫಲಿತಾಂಶ ಪ್ರಕಟಿತ ಲೇಖನಕ್ಕೆ ತಾಳೆಯಾಗಬೇಕೆಂಬುದು ತಮ್ಮದೇ ನಿಯಮ. ನನ್ನ ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಸುಳ್ಳು ಬರೆದರೆ ಪದವಿ, ನಿಜ ಬರೆದರೆ ಮನೆ ದಾರಿ. ಇದನ್ನು ತಾವು ಶಿಸ್ತು ಎನ್ನುತ್ತೀರೋ, ಬೋನು ಎನ್ನುತ್ತೀರೋ? ನನ್ನ ಮಾರ್ಗದರ್ಶಕರಂತೂ ಕೋಣೆಯ ಬಾಗಿಲು ಹಾಕಿಕೊಂಡು ಹೇಳಿದರು: "ಸುಮ್ನೆ ಸಲ್ಲಿಸಿಬಿಡಮ್ಮ. ಆ ಕುಳಿ ಬಂದು ಸಾಕ್ಷಿ ಹೇಳತ್ತಾ?"

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ದರ್ಜಿ, ಹೊಲಿಗೆ ಅಡ್ಡಾದಿಡ್ಡಿಯಾದರೆ ಗಿರಾಕಿ ಒಪ್ಪಿದರೂ ಬಿಚ್ಚಿ ಮತ್ತೆ ಹೊಲಿಯುವವಳು. ಮಗಳ ಎಂಟು ವರ್ಷದ ಮಾತು ಬಂದಾಗ ಅವಳೂ "ಇದೊಂದನ್ನ ಬಿಚ್ಚಬೇಡ" ಅಂದಳು. ನನಗಾಗಿ ಅವಳೂ ಸುಳ್ಳಿಗೆ ತಲೆಬಾಗಿದ್ದಳು.

ಬರುವ ಶುಕ್ರವಾರದೊಳಗೆ ತಿದ್ದುಪಡಿಗೆ ಸಹಿ ಹಾಕಿ. ಇಲ್ಲವೇ ಹಾಕುವುದಿಲ್ಲವೆಂದು ಕಾರಣ ಸಹಿತ ಬರೆದುಕೊಡಿ. ಅನುಮತಿಯಿಲ್ಲದೆ ಫಲಿತಾಂಶ ಬಹಿರಂಗಪಡಿಸಿದವರ ನೋಂದಣಿ ರದ್ದಾಗುತ್ತದೆಂಬ ನಿಯಮ ನನಗೆ ಬಾಯಿಪಾಠ. ಈ ಬಹಿರಂಗ ಪತ್ರದಲ್ಲಿ 0.6 ಎಂದು ಬರೆದಾಗಲೇ ನನ್ನದು ರದ್ದಾಯಿತು.

ಇಂತಿ,
ತಪ್ಪಿಗೆ ತಮ್ಮಿಂದಲೇ ಮೆಚ್ಚುಗೆ ಪತ್ರ ಪಡೆದವಳು,
ಎಕ್ಸ್-ರೇ ವಿಭಾಗ, ಎರಡನೇ ಮಹಡಿ