ರೈಲಿನಲ್ಲಿ ಹುಟ್ಟಿದ ಕೂಸಿನ ಊರು

ದಿಲ್‌ಸುಖ್‌ನಗರ, ಹೈದರಾಬಾದ್
೮ ಫೆಬ್ರುವರಿ ೨೦೦೪, ಭಾನುವಾರ

ಪ್ರೀತಿಯ ನಚಿಕೇತಾ,

ದಿಲ್ಲಿಯ ಚಳಿ ಇಳಿಯಿತೇ? ಫೋನಿನಲ್ಲಿ ನಿನ್ನ ಕೆಮ್ಮು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಊರವರ ಮಕ್ಕಳನ್ನೆಲ್ಲ ನೋಡಿಕೊಂಡವಳು, ಹೆತ್ತ ಮಗನ ಕೆಮ್ಮನ್ನು ಅಷ್ಟು ದೂರದಿಂದ ಕೇಳಿ ಸುಮ್ಮನಿರಬೇಕಾಯಿತು ನೋಡು. ರಾತ್ರಿ ಮಲಗುವಾಗ ಕಿವಿಗೆ ಮಫ್ಲರ್ ಕಟ್ಟಿಕೋ, ನಾಚಿಕೆ ಬೇಡ. ನಿಮ್ಮ ತಂದೆ ಆರಾಮಾಗಿದ್ದಾರೆ. ಮೊಣಕಾಲು ನೋವೆಂದು ಮಾರ್ಕೆಟ್ಟಿಗೆ ಮಾತ್ರ ಹೋಗುವುದಿಲ್ಲ, ನುಮಾಯಿಷ್ ವಸ್ತುಪ್ರದರ್ಶನಕ್ಕೆ ಮಾತ್ರ ಮೂರು ಸಲ ಹೋಗಿ ಬಂದರು. ಐಎಎಸ್ ಪರೀಕ್ಷೆಯ ಪಾಠಗಳಲ್ಲಿ ಕೇಂದ್ರ, ರಾಜ್ಯ, ಸ್ಥಳೀಯ ಸರ್ಕಾರದ್ದೊಂದು ತಲೆಗೆ ಹತ್ತುತ್ತಿಲ್ಲ, ಯಾವ ಅಧಿಕಾರ ಯಾರದೆಂದು ಎಲ್ಲ ಕಲಸಿಹೋಗುತ್ತದೆ ಎಂದಿದ್ದೆಯಲ್ಲ. ಆ ಪಾಠವನ್ನು ನಾನು ಈ ತಿಂಗಳು ಕಾಲಲ್ಲಿ ನಡೆದು ಓದಿದೆ. ಅದಕ್ಕೇ ಈ ಉದ್ದನೆಯ ಕಾಗದ. ಊಟ ಮಾಡಿಕೊಂಡು ಓದು.

ಸಂಕ್ರಾಂತಿಗೆಂದು ರಾಯಚೂರಿಗೆ ಹೋಗಿದ್ದೆ. ಹದಿನೇಳನೆಯ ತಾರೀಖು ಬೆಳಗಿನ ರೈಲಿಗೆ ಹಿಂದಿರುಗುವಾಗ ನನ್ನೆದುರಿನ ಸೀಟಿನಲ್ಲಿ ಬಂಡೆಮ್ಮ ಎಂಬ ಬಸುರಿ ಹೆಂಗಸು ಕೂತಿದ್ದಳು. ಯಾದಗಿರಿ ಕಡೆಯ ಹಳ್ಳಿಯ ಸೊಸೆ. ಗಂಡ ಹೆಂಡತಿ ಇಬ್ಬರೂ ಇಲ್ಲಿಯ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳಿಗಾಗಿ ಏಳುತ್ತಿರುವ ಗಾಜಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರು. ಹಬ್ಬಕ್ಕೆ ರಾಯಚೂರಿನ ತವರಿಗೆ ಬಂದವಳು, ದಿನ ತುಂಬಲು ಇನ್ನೂ ತಿಂಗಳಿದೆ ಎಂಬ ಧೈರ್ಯದಲ್ಲಿ ಒಬ್ಬಳೇ ಹೊರಟಿದ್ದಳು. ರಾಯಚೂರು ಬಿಟ್ಟ ಸ್ವಲ್ಪ ಹೊತ್ತಿಗೇ ಅವಳ ಮುಖ ನೋಡಿ ನನಗೆ ತಿಳಿಯಿತು. ಗಂಡಸರನ್ನೆಲ್ಲ ಆಚೆ ಕಳಿಸಿ, ಎರಡು ಸೀರೆ ಅಡ್ಡ ಕಟ್ಟಿಸಿದೆ. ಚಹಾದವನ ಕೆಟಲಿನಲ್ಲಿದ್ದ ಬಿಸಿನೀರು, ಯಾರದೋ ಚೀಲದಲ್ಲಿದ್ದ ಹೊಸ ಬ್ಲೇಡು, ನನ್ನ ಹಳೆಯ ಕೈಗಳು, ಇಷ್ಟೇ ನಮ್ಮ ಆಸ್ಪತ್ರೆ. ರೈಲು ಕೃಷ್ಣಾ ಸೇತುವೆಯ ಮೇಲೆ ಸದ್ದು ಮಾಡುತ್ತಿದ್ದಾಗ ಹೆಣ್ಣು ಕೂಸು ಹೊರಬಂತು. ಅದು ಅತ್ತದ್ದು ಸೇತುವೆಯ ಸದ್ದಿನಲ್ಲಿ ಕೇಳಲೇ ಇಲ್ಲ, ಬಾಯಿ ತೆರೆದದ್ದು ಕಂಡು ಉಸಿರು ಬಿಟ್ಟೆ. ಆಚೆಯಿಂದ ಒಬ್ಬರು “ಕರ್ನಾಟಕದಾಗ ಹುಟ್ಟೇತ್ರಿ” ಅಂದರೆ ಇನ್ನೊಬ್ಬರು “ಇಲ್ರಿ, ಆಂಧ್ರಾದಾಗ” ಎಂದು ಜಗಳಕ್ಕೇ ನಿಂತರು. ಸೇತುವೆ ದಾಟಿದೊಡನೆ ಆಂಧ್ರದ ಒಂದು ಪುಟ್ಟ ನಿಲ್ದಾಣ ಬರುತ್ತದೆ. ಎರಡು ನಿಮಿಷ ನಿಲ್ಲುವ ರೈಲನ್ನು ಗಾರ್ಡು ಒಂಬತ್ತು ನಿಮಿಷ ನಿಲ್ಲಿಸಿಕೊಟ್ಟ. ಅಲ್ಲಿ ಡಾಕ್ಟರಿರಲಿಲ್ಲ, ಹಾಗಾಗಿ ಮುಂದೆ ಯಾದಗಿರಿಯಲ್ಲಿ ಇಳಿಸಿ ಸರ್ಕಾರಿ ಆಸ್ಪತ್ರೆಗೆ ಸೇರಿಸಿ, ನಮ್ಮ ಮನೆಯ ವಿಳಾಸ ಬರೆದುಕೊಟ್ಟು ಬಂದೆ.

ಹತ್ತು ದಿನದ ಮೇಲೆ ಬಂಡೆಮ್ಮ ಕೂಸಿನ ಜೊತೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ದೊಡ್ಡ ಮಗನನ್ನು ಇಲ್ಲಿಯ ಒಂದು ಶಾಲೆಯವರು ಹುಟ್ಟಿದ ದಿನದ ದಾಖಲೆ ಇಲ್ಲವೆಂದು ಸೇರಿಸಿಕೊಂಡಿರಲಿಲ್ಲವಂತೆ. ಈಗ ಅವನು ಅಪ್ಪನ ಜೊತೆ ಮರಳು ಜರಡಿ ಹಿಡಿಯುತ್ತಾನೆ. “ನನ್ನ ಹೆಸರು ಎಲ್ಲೂ ಬರದಿಲ್ರಿ ಅಕ್ಕಾರ. ಮಗಂದೂ ಬರೀಲಿಲ್ಲ. ಇದರದರ ಒಂದು ಬರಸ್ರಿ” ಎಂದಳು. ಇಪ್ಪತ್ತೊಂದು ದಿನದೊಳಗೆ ಬರೆಸಿದರೆ ಸಲೀಸು, ತಡವಾದರೆ ಮೇಲಿನವರ ಅಪ್ಪಣೆ, ಅಫಿಡವಿಟ್ಟು ಎಂದು ಅಲೆಸುತ್ತಾರೆಂಬುದು ಆಸ್ಪತ್ರೆಯಲ್ಲಿದ್ದ ನನಗೆ ಗೊತ್ತು. ಕೂಲಿ ಬಿಟ್ಟು ಅವಳು ಎಷ್ಟು ದಿನ ಅಲೆದಾಳು?

ಮೊದಲು ನಮ್ಮ ವಾರ್ಡಿನ ಆಫೀಸಿಗೆ ಹೋದೆವು. ಗುಮಾಸ್ತ ಎಲ್ಲ ಕೇಳಿ, “ಮಾ ಹದ್ದುಲೋ ಕಾದಮ್ಮಾ” ಎಂದ. ನಮ್ಮ ಸರಹದ್ದಿನಲ್ಲಿ ಹುಟ್ಟಿದ್ದಲ್ಲ ಎಂದು ಅರ್ಥ. ನಿಜವೇ. ಎಸ್‌ಟಿಡಿ ಬೂತಿನಿಂದ ಬಂಡೆಮ್ಮನ ಹಳ್ಳಿಗೆ ಫೋನು ಮಾಡಿದೆವು, ಅಲ್ಲಿಯೂ ಅದೇ ಉತ್ತರ. ಯಾದಗಿರಿ ಆಸ್ಪತ್ರೆಯ ಚೀಟಿಯಲ್ಲಿ ‘ಹೆರಿಗೆಯಾದ ನಂತರ ಕರೆತಂದರು’ ಎಂದಿತ್ತು, ಹಾಗಾಗಿ ಅಲ್ಲಿಯೂ ಹುಟ್ಟನ್ನು ಬರೆದುಕೊಂಡಿರಲಿಲ್ಲ. ಆಮೇಲೆ ನಾಂಪಲ್ಲಿ ಸ್ಟೇಷನ್ನಿಗೆ ಹೋಗಿ ರೈಲ್ವೆಯವರನ್ನೇ ಕೇಳಿದೆ. ಅಲ್ಲಿದ್ದ ಒಬ್ಬ ವಯಸ್ಸಾದ ಅಧಿಕಾರಿ ನಕ್ಕು, “ಅಮ್ಮಾ, ರೇಲ್ ತೋ ದಿಲ್ಲಿ ಕೀ ಹೈ, ಬಚ್ಚೀ ದಿಲ್ಲಿ ಕೀ ನಹೀಂ” ಎಂದರು. ರೈಲು ದಿಲ್ಲಿ ಸರ್ಕಾರದ್ದಾದರೂ ಮಗು ಹುಟ್ಟಿದ್ದನ್ನು ಬರೆದುಕೊಳ್ಳುವ ಪುಸ್ತಕ ಅವರಲ್ಲಿಲ್ಲ. ಆದರೆ ಸುಮ್ಮನೆ ಕಳಿಸಲಿಲ್ಲ. ಚಲಿಸುವ ಗಾಡಿಯಲ್ಲಿ ಹುಟ್ಟಿದರೆ ಗಾಡಿ ಮೊದಲು ನಿಂತ ಜಾಗದಲ್ಲಿ ಬರೆಸಬೇಕೆಂದು ಎಲ್ಲೋ ಓದಿದ ನೆನಪು, ಅಲ್ಲಿಗೇ ಹೋಗಿ ನೋಡಿ ಎಂದರು. ಅಷ್ಟು ಹೊತ್ತಿಗೆ ಹದಿನೆಂಟು ದಿನ ಕಳೆದಿತ್ತು. ನಿಮ್ಮ ತಂದೆ, “ನಿನಗ್ಯಾಕ ಬೇಕಿತ್ತು ಈ ಉಸಾಬರಿ?” ಎಂದು ಗೊಣಗುತ್ತಲೇ ಮಾರನೆಯ ಬೆಳಿಗ್ಗೆ ನಮ್ಮನ್ನು ರೈಲು ಹತ್ತಿಸಿದರು.

ಸೇತುವೆಯಾಚೆ ಗಾಡಿ ಮೊದಲು ನಿಂತಿದ್ದ ಆ ಹಳ್ಳಿಯ ಪಂಚಾಯ್ತಿ ಆಫೀಸೆಂದರೆ ನೀರಿನ ಟಾಕಿಯ ಪಕ್ಕದ ಒಂದು ಕೋಣೆ. ಆಂಧ್ರದ್ದಾದರೂ ಗಡಿಯ ಊರು, ಮಾತೆಲ್ಲ ಕನ್ನಡವೇ. ಕಾರ್ಯದರ್ಶಿ ಸೂಗಮ್ಮ ಎಂಬ ಹುಡುಗಿ. ಹುಡುಗಿಯೇ ಅನ್ನಬೇಕು, ನಿನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬಹುದು. ಬಂಡೆಮ್ಮನನ್ನು ಮೊದಲು ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ಆಮೇಲೆ ಮಾತಿಗೆ ಕೂತಳು. ಕಪಾಟಿನಿಂದ ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ಓದಿದಳು. ರೈಲ್ವೆಯ ಆ ಹಿರಿಯರು ಹೇಳಿದ್ದು ಸರಿಯಾಗಿತ್ತು. “ಸೇತುವಿ ಆಚೀಕ ಹುಟ್ಟಿತೋ ಈಚೀಕ ಹುಟ್ಟಿತೋ ಅದು ಬ್ಯಾಡ್ರಿ. ಗಾಡಿ ಮೊದಲ ಎಲ್ಲಿ ನಿಂತೈತಿ ಅದ ಕೂಸಿನ ಊರು” ಎಂದಳು. ಆದರೆ ನಮ್ಮ ಬಾಯಿಮಾತಿನ ಮೇಲೆ ಬರೆಯಲಿಲ್ಲ. ನಮ್ಮನ್ನು ಅಲ್ಲೇ ಕೂರಿಸಿ, ತಲೆಗೆ ಸೆರಗು ಹೊದ್ದು, ಆ ಬಿಸಿಲಲ್ಲಿ ನಿಲ್ದಾಣದವರೆಗೆ ನಡೆದು ಹೋಗಿ, ಸ್ಟೇಷನ್ ಮಾಸ್ತರರ ಪುಸ್ತಕದಲ್ಲಿ ಆ ದಿನ ರೈಲು ನಿಂತ ಹೊತ್ತನ್ನು ತಾನೇ ಕಣ್ಣಾರೆ ನೋಡಿ ಬಂದಳು. ನನ್ನಿಂದ ಒಂದು ಹೇಳಿಕೆ ಬರೆಸಿಕೊಂಡಳು. ನನಗೆ ಅವಳ ಮೇಲೆ ಅಭಿಮಾನ ಹುಟ್ಟಿದ್ದು ಅಲ್ಲಿಯೇ, ನಚಿಕೇತಾ. ಕನಿಕರಪಟ್ಟು ಬರೆದುಕೊಟ್ಟಿದ್ದರೆ ಒಳ್ಳೆಯವಳು ಎಂದು ಮರೆತುಬಿಡುತ್ತಿದ್ದೆನೋ ಏನೋ.

ಪೆನ್ನು ತೆರೆಯುವಷ್ಟರಲ್ಲಿ ಸರಪಂಚರು ಬಂದರು. ಹಿರಿಯರು, ಬಿಳಿ ಪಂಚೆ, ಗಟ್ಟಿ ದನಿ. “ಇವರು ಆ ರಾಜ್ಯದ ಮಂದಿ. ಇವತ್ತ ಹೆಸರು ಬರಸ್ತಾರ, ನಾಳಿ ರೇಷನ್ ಕೇಳ್ತಾರ, ನಾಡಿದ್ದ ಮನಿ ಜಾಗಾ. ನಾ ಒಪ್ಪೂದಿಲ್ಲ” ಎಂದುಬಿಟ್ಟರು. ಬಂಡೆಮ್ಮ ಕೂಸನ್ನು ಎದೆಗೊತ್ತಿಕೊಂಡು ಎದ್ದೇ ನಿಂತಳು, ಹೊರಡಲು ಸಿದ್ಧಳಾಗಿ. ಹಾಗೆ ಎದ್ದು ಹೋಗುವುದು ಅವಳಿಗೆ ರೂಢಿ. ಸೂಗಮ್ಮ ಕೂತಲ್ಲಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. “ಯಜಮಾನ್ರ, ಊರಾಗ ನಳ ಎಲ್ಲಿ, ದೀಪ ಎಲ್ಲಿ, ನೀವು ಹೇಳ್ರಿ, ನಾ ಮಾಡ್ತೀನಿ. ಮಂದಿ ನಿಮ್ಮನ್ನ ಆರಿಸ್ಯಾರ. ಆದ್ರ ಇದು ದಿಲ್ಲಿ ಪಾರ್ಲಿಮೆಂಟಿನ ಕಾಯಿದೆ. ಪುಸ್ತಕ ಕೊಟ್ಟದ್ದು ಹೈದರಾಬಾದಿನ ಸರ್ಕಾರ. ಬರಿಯೂ ಕೈ ನಮ್ಮ ಪಂಚಾಯ್ತೀದು. ಹುಟ್ಟಿದ್ದು ಬರದ್ರ ರೇಷನ್ ಕೊಟ್ಟಂಗಲ್ಲ, ಹುಟ್ಟೇತಿ ಅಂತ ಒಪ್ಪಿಕೊಂಡಂಗ. ಕೂಸು ಹುಟ್ಟಿಲ್ಲ ಅಂತ ನೀವು ಹೇಳ್ತೀರೇನು?” ಎಂದಳು. ಕೆಲಸಕ್ಕೆ ಸೇರಿ ಒಂದು ವರ್ಷವಾಗದವಳು, ಅದೇ ಊರಲ್ಲಿ ದಿನಾ ಅವರ ಎದುರು ಕೂರಬೇಕಾದವಳು! ಸರಪಂಚರು ಬಗ್ಗಿ ಕೂಸಿನ ಮುಖ ನೋಡಿದರು. “ಹುಟ್ಟಿಲ್ಲ ಅಂತ ಹ್ಯಾಂಗ ಅನ್ನಲವ್ವಾ. ಬರಿ, ಬರಿ” ಎಂದು ಕುರ್ಚಿ ಎಳೆದುಕೊಂಡು ಕೂತರು. ಚಹಾ ತರಿಸಿದರು. ದೊಡ್ಡ ಮನುಷ್ಯರು ಅವರೂ, ಸೋತೆನೆಂದು ಮುಖ ತಿರುಗಿಸಿಕೊಂಡು ಹೋಗಲಿಲ್ಲ.

ಸೂಗಮ್ಮ ಒಂದೊಂದೇ ಕೇಳಿ ಬರೆದಳು. ಕೂಸಿಗೆ ಅಜ್ಜಿಯ ಹೆಸರು, ಜಯಮ್ಮ. ಬರೆದದ್ದನ್ನು ಓದಿ ಹೇಳುವಾಗ ಬಂಡೆಮ್ಮ ತಡೆದಳು. ‘ತಾಯಿಯ ಹೆಸರು’ ಎಂಬಲ್ಲಿಗೆ ಬೆರಳು ಒಯ್ದು, ಶಾಯಿ ಅಳಿಸೀತೆಂದು ಮುಟ್ಟದೆ ಮೇಲೆಯೇ ಹಿಡಿದು, “ಇದು ನಾನೇನ್ರಿ?” ಎಂದು ಕೇಳಿದಳು. “ಹೌದ್ರಿ, ನೀವ” ಎಂದಳು ಸೂಗಮ್ಮ. ನಾನು ಎಷ್ಟು ಹೆರಿಗೆ ಮಾಡಿಸಿದ್ದೇನೆ, ಎಷ್ಟು ಚೀಟಿ ಬರೆದಿದ್ದೇನೆ. ಒಂದು ಹೆಸರು ಕಾಗದಕ್ಕೆ ಇಳಿಯುವುದೆಂದರೆ ಏನೆಂದು ಆ ದಿನದವರೆಗೆ ತಿಳಿದಿರಲಿಲ್ಲ.

ಬರುವಾಗ ರೈಲಿನಲ್ಲಿ ಬಂಡೆಮ್ಮ ಆ ಪ್ರಮಾಣಪತ್ರವನ್ನು ಕುಪ್ಪಸದೊಳಗಿಟ್ಟು ನಿದ್ದೆ ಹೋದಳು. ದೊಡ್ಡ ಮಗನ ಹೆಸರನ್ನೂ ಅವನು ಹುಟ್ಟಿದ ಊರಲ್ಲಿ ಬರೆಸಬೇಕು, ತಡವಾಗಿದ್ದಕ್ಕೆ ಏನು ದಾರಿ ಎಂದು ಸೂಗಮ್ಮ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದಾಳೆ. ಮುಂದಿನ ವಾರ ಆ ಕೆಲಸಕ್ಕೆ ಕೈ ಹಾಕುತ್ತೇನೆ. ಈ ಸಲ ನಿಮ್ಮ ತಂದೆಯೂ ಬರುತ್ತಾರಂತೆ.

ಹೊತ್ತಿಗೆ ಸರಿಯಾಗಿ ಉಣ್ಣು. ರೂಮಿನ ಗೆಳೆಯರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಅಹಲ್ಯಾ

ತಾ.ಕ.: ಅಂಚೆಯವರು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೋದ ಕಾಗದದಲ್ಲಿ ನಾನು ಸಿಟ್ಟಿನಿಂದ, ಎರಡು ಸಲ ಫೇಲಾದದ್ದು ಸಾಕು, ಅಮೀರ್‌ಪೇಟೆಯ ಕಂಪ್ಯೂಟರ್ ಕೋರ್ಸಿಗೆ ನಿನ್ನ ಹೆಸರು ಕೊಟ್ಟಿದ್ದೇನೆ, ಬಂದುಬಿಡು ಎಂದಿದ್ದೆ. ನಿನ್ನೆ ಹೋಗಿ ಆ ಹೆಸರು ತೆಗೆಸಿ ಬಂದೆ. ನಿಮ್ಮ ತಂದೆಗೆ ಇನ್ನೂ ಹೇಳಿಲ್ಲ. ಪಂಚಾಯ್ತಿ ಕಾರ್ಯದರ್ಶಿ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ, ಫಾರಂ ಇದರ ಜೊತೆಗಿಟ್ಟಿದ್ದೇನೆ. ದಿಲ್ಲಿ ಪರೀಕ್ಷೆಯನ್ನು ಮೂರನೆಯ ಸಲವೂ ಬರಿ, ನಾನು ತಡೆಯುವುದಿಲ್ಲ. ಇದು ಸಣ್ಣ ಕೆಲಸವೆನಿಸಿದರೆ ಫಾರಂ ಹರಿದುಹಾಕು, ಅದಕ್ಕೂ ಬೇಸರವಿಲ್ಲ. ಅನಿಸದಿದ್ದರೆ ಸಹಿ ಮಾಡಿ ಇಪ್ಪತ್ತನೆಯ ತಾರೀಖಿನೊಳಗೆ ನನ್ನ ಕೈಗೆ ಮುಟ್ಟಿಸು.