ದೊರೆಯ ಟೋಪಿ

ಹೊಸಕುಮಟೆ, ಉತ್ತರದ ಕರಗುನೆಲ.
ಕಡಲೇರಿದ ನೂರ ನಲವತ್ತನೆಯ ವರ್ಷ, ಕುಗ್ಗುಹಗಲಿನ ತಿಂಗಳು. ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರು ದಾಟಿದ ಯಾವುದೋ ಒಂದು ಆಗಸ್ಟ್.

ಹಿಂದಿನವರೇ,

ಇನ್ನೂ ಹುಟ್ಟದ ಮುದುಕಿಯೊಬ್ಬಳ ಕಾಗದ ಇದು. ನನ್ನ ಮಾತುಗಳು ಕೆಲವು ನಿಮಗೆ ವಿಚಿತ್ರ ಎನಿಸಬಹುದು, ಮನ್ನಿಸಿ. ಕರಗುನೆಲ ಎಂದರೆ ನಿಮ್ಮ ಕಾಲದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ್ದು, ಆಮೇಲೆ ಕರಗಿ ಕೆಸರಾದ ಭೂಮಿ. ಕುಗ್ಗುಹಗಲು ಎಂದರೆ ಬೇಸಗೆಯಿಡೀ ಮುಳುಗುವುದನ್ನೇ ಮರೆತ ಸೂರ್ಯ ಮತ್ತೆ ಮುಳುಗಲು ಕಲಿಯುವ ಕಾಲ. ನನ್ನ ಹೆಸರು ಮಾದೇವಿ. ಇಲ್ಲಿಯ ಮಕ್ಕಳಿಗೆ ಹಳೆಯ ಕಥೆ ಹೇಳುವುದು, ವರ್ಷಕ್ಕೊಮ್ಮೆ ಅವರಿಂದ ಆಟ ಆಡಿಸುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ, ಇರಲಿ.

ನಮ್ಮ ಕರಾವಳಿಯನ್ನು ಕಡಲು ನುಂಗಿದಾಗ ಹಿರಿಯರು ಹಡಗು ಹತ್ತಿ ಇಲ್ಲಿಗೆ ಬಂದರು. ಇಲ್ಲಿ ಭತ್ತ ಬೆಳೆಯುವುದಿಲ್ಲ. ಬಾರ್ಲಿ ನೆನೆಸಿ ರುಬ್ಬಿ ದೋಸೆ ಎರೆಯುತ್ತೇವೆ. ಅದು ಕಾವಲಿಗೆ ಅಂಟಿಕೊಂಡು ದಿನಾ ಬೆಳಿಗ್ಗೆ ನಮ್ಮ ಮಾನ ಕಳೆಯುತ್ತದೆ. ಸಾರಿನ ಹುಳಿಗೆ ಪೊದೆಯ ಕೆಂಪು ಹಣ್ಣು ಹಾಕುತ್ತೇವೆ, ಅದನ್ನು ಮುರುಗಲು ಎಂದೇ ಕರೆಯುತ್ತೇವೆ. ಊರ ಮುಂದಿನ ಹೊಳೆಗೆ ಅಘನಾಶಿನಿ ಎಂದು ಹೆಸರಿಟ್ಟಿದ್ದೇವೆ. ಅದಕ್ಕೆ ಮೊದಲೇ ಒಂದು ಹೆಸರಿತ್ತೋ ಎಂದು ನಾವು ಯಾರನ್ನೂ ಕೇಳಲಿಲ್ಲ. ಕೇಳಲು ಜನ ಇದ್ದರು. ಓರಿಕರು ಎಂಬ ಹಾಲುಬಣ್ಣದ ಜನ, ಹಿಮಸಾರಂಗಗಳ ಹಿಂಡಿನ ಹಿಂದೆ ಋತುವಿಗೊಂದು ಕಡೆ ನಡೆಯುವವರು. ಮೊದಲ ಚಳಿಗಾಲದಲ್ಲಿ ನಮ್ಮವರನ್ನು ತಮ್ಮ ತೊಗಲು ಡೇರೆಗಳಲ್ಲಿ ಮಲಗಿಸಿಕೊಂಡು, ಬೆರಳು ಕೊಳೆಯದಂತೆ ಕಾಲಿಗೆ ಪಾಚಿ ಸುತ್ತುವುದನ್ನು ಕಲಿಸಿದವರು ಅವರೇ. ಇಲ್ಲದಿದ್ದರೆ ಈ ಕಾಗದ ಬರೆಯಲು ನಾನೆಲ್ಲಿರುತ್ತಿದ್ದೆ?

ನಮ್ಮಲ್ಲೊಂದು ಪದ್ಧತಿಯಿದೆ. ಹೊಸ ಹೊಲ ಮಾಡಿದಾಗ ನಾಲ್ಕು ಮೂಲೆಗೂ ಬಾಂದುಕಲ್ಲು ನೆಟ್ಟು, ಅರಿಸಿನ ಕುಂಕುಮದ ಬದಲು ಕೆಂಪು ಹಣ್ಣಿನ ರಸ ಬಳಿದು ಕೈಮುಗಿಯುತ್ತೇವೆ. ಕಲ್ಲಿಲ್ಲದ ನೆಲಕ್ಕೆ ಯಜಮಾನನಿಲ್ಲ ಎಂಬುದು ನಮ್ಮ ನಂಬಿಕೆ. ಇದನ್ನು ನಮಗೆ ಕಲಿಸಿದವರು ಯಾರು ಎಂದು ಯೋಚಿಸಿದ್ದೇನೆ. ನಮ್ಮ ಹಿರಿಯರು ಘಟ್ಟದ ಕಾಡಿನಲ್ಲಿ ಕುಮರಿ ಮಾಡುತ್ತಿದ್ದರು. ಒಂದು ತುಂಡು ಕಾಡು ಕಡಿದು ಸುಟ್ಟು ಬಿತ್ತಿ, ಆಮೇಲೆ ಅದನ್ನು ಕಾಡಿಗೇ ಬಿಟ್ಟು ಮುಂದೆ ಹೋಗುತ್ತಿದ್ದರು. ಕಡಲಾಚೆಯಿಂದ ಬಂದ ದೊರೆಗಳು ಸರಪಳಿ ಎಳೆದು ಅಳೆದು, ಕಲ್ಲು ನೆಟ್ಟು, ಕಾಡು ಸರ್ಕಾರದ್ದು ಎಂದರು. ದೊರೆಗಳು ಹೋದರು, ಕಲ್ಲು ಮಾತ್ರ ನಮ್ಮ ತಲೆಯೊಳಗೆ ಕೂತುಬಿಟ್ಟಿತು.

ಪ್ರತಿ ಬಿಡುಗಡೆಯ ದಿನ, ಎಂದರೆ ನಿಮ್ಮ ಸ್ವಾತಂತ್ರ್ಯದ ದಿನ, ನಾವು ಆಡುವುದು ಇದೇ ಕಥೆ. ದೊರೆ ಟೋಪಿ ಹಾಕಿ ಬಂದು, "ಅಲೆಯುವವರಿಗೆ ನೆಲವಿಲ್ಲ. ಇನ್ನು ಇತ್ತ ಕಾಲಿಡಕೂಡದು" ಎಂದು ಗುಡುಗುತ್ತಾನೆ. ಮಕ್ಕಳೆಲ್ಲ ಪೊರಕೆ ಹಿಡಿದು ಅವನನ್ನು ಹೊಳೆಯವರೆಗೆ ಅಟ್ಟುತ್ತಾರೆ. ದೊರೆಯ ವೇಷಕ್ಕೆ ಬಿಳಿಯ ಮುಖ ಬೇಕಲ್ಲ? ಅದಕ್ಕೆ ಮೊದಲಿನಿಂದಲೂ ಓರಿಕನೊಬ್ಬನನ್ನು ಕರೆಯುವುದು ರೂಢಿ. ಈಚೆಗೆ ಬರುತ್ತಿದ್ದವನ ಹೆಸರು ಏಮ್ಕಾ. ನಾವು ಬಿಳಿಯಣ್ಣ ಎನ್ನುತ್ತೇವೆ. ಅರ್ಥ ತಿಳಿಯದ ಮಾತನ್ನು ಬಾಯಿಪಾಠ ಮಾಡಿ ಹೇಳಿ, ಪೊರಕೆಯ ಪೆಟ್ಟು ತಿಂದು, ನಗುತ್ತಾ ಊಟಕ್ಕೆ ಕೂರುತ್ತಿದ್ದ. ಇದು ಹೊಸಕುಮಟೆಯವರ ದೇವರ ಕೆಲಸ, ನೆರೆಯವನಾಗಿ ಒದಗಬೇಕು ಎಂದುಕೊಂಡಿದ್ದನಂತೆ.

ಈ ಬೇಸಗೆ ಎರಡು ಸಂಗತಿ ಒಟ್ಟಿಗೆ ಆದವು. ಏಮ್ಕಾನಿಗೆ ಕನ್ನಡ ಚೆನ್ನಾಗಿ ಬಂತು. ಅದೇ ಹೊತ್ತಿಗೆ ನಮ್ಮ ಊರಕೂಟ ಹೊಳೆಯ ದಾಟಿನವರೆಗೂ ಹೊಲ ವಿಸ್ತರಿಸಿ ಕಲ್ಲು ನೆಡತೊಡಗಿತು. ಹಿಮ ಬೀಳುವ ಮೊದಲು ಓರಿಕರ ಹಿಂಡು ಈಜಿ ಆಚೆಯ ಕಾಡಿಗೆ ಹೋಗುವುದು ಆ ದಾಟಿನಲ್ಲೇ. ಬೇರೆಡೆ ಸೆಳೆತ ಹೆಚ್ಚು. ದಾಟು ಮುಚ್ಚಿದರೆ ಮರಿಗಳು ಈಚೆಯ ದಡದಲ್ಲೇ ಸಾಯುತ್ತವೆ, ಅವುಗಳ ಹಿಂದೆ ಜನ. ಕೂಟದ ಹಿರಿಯ ನನ್ನ ಮೊಮ್ಮಗ ಹಮ್ಮಣ್ಣ.

ನಿನ್ನೆ ಅಭ್ಯಾಸದಲ್ಲಿ ಏಮ್ಕಾ ಅರ್ಧ ಮಾತಿಗೆ ನಿಂತ. ಈ ದೊರೆ ಯಾರು ಎಂದು ಕೇಳಿದ. ನಾನು ಎಲ್ಲವನ್ನೂ ವಿವರಿಸಿದೆ, ಹಡಗು, ಸರಪಳಿ, ಕಲ್ಲು. ಕೇಳುತ್ತಾ ಅವನ ಮುಖ ಬಾಡಿತು. ಟೋಪಿ ತೆಗೆದು, ಒರಟಾಗಿ ಅಲ್ಲ, ಮಗುವಿಗೆ ತೊಡಿಸುವಂತೆ ನನ್ನ ತಲೆಗೆ ಇಟ್ಟ.

"ಇದು ನಿಮ್ದಲ್ವಾ ಅಜ್ಜಿ? ನಂಗ್ಯಾಕೆ ಪೆಟ್ಟು?"

ಅಷ್ಟು ಹೇಳಿ ಹೊರಟುಹೋದ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ಏಕೆಂದರೆ ಟೋಪಿ ನನಗೆ ಸರಿಯಾಗಿ ಕೂತಿತ್ತು.

ಹಮ್ಮಣ್ಣನಿಗೆ ಹೇಳಿದರೆ ನಕ್ಕ. "ಎಂತದು ಅಜ್ಜಿ, ನಾವು ದೊರೆಗಳಾ? ನಾವು ಪೊರಕೆ ಹಿಡ್ದವ್ರ ಮಕ್ಕಳು." ಅವನು ಕೆಟ್ಟವನಲ್ಲ. ಹೋದ ಚಳಿಗಾಲ ಬಾರ್ಲಿ ಸಾಲದೆ ಅವನ ಮಗಳು ಬಡಕಲಾದದ್ದನ್ನು ಕಂಡು ಹೆದರಿದ್ದಾನೆ. ದೊರೆಗಳಿಗೂ ಹೀಗೊಂದು ಮನೆ, ಹೀಗೊಂದು ಹೆದರಿಕೆ ಇದ್ದಿತೋ ಏನೋ. ನಮ್ಮ ಆಟದಲ್ಲಿ ಅದಿಲ್ಲ. ನಮ್ಮ ಆಟದ ದೊರೆ ಮೀಸೆ ತಿರುವುತ್ತಾ ಬರುತ್ತಾನೆ, ದೂರದಿಂದಲೇ ಗುರುತು ಸಿಗುತ್ತದೆ. ಹಾಗಾಗಿ ಅವನು ನಮ್ಮ ಚಾವಡಿಯಲ್ಲೇ ಕೂತು ದೋಸೆ ತಿನ್ನುತ್ತಿದ್ದಾಗ ಯಾರಿಗೂ ತಿಳಿಯಲಿಲ್ಲ.

ಹಿಂದಿನವರೇ, ಈ ಕಥೆಯನ್ನು ಮಕ್ಕಳಿಗೆ ದಾಟಿಸುವವರು ನೀವು. ನಿಮಗೆ ಬಿದ್ದ ಪೆಟ್ಟನ್ನು ಮರೆಯದೆ ಹೇಳಿ. ಅದು ನಿಜವಾದ ಪೆಟ್ಟು. ಅದರ ಜೊತೆಗೆ, ಕಲ್ಲು ನೆಟ್ಟ ಕೈ ಎಂಥದೆಂದೂ ಹೇಳಿ. ಅದು ನಮ್ಮ ಕೈಯಂಥದೇ ಎಂದು ಹೇಳಿ. ನಮಗೆ ಯಾರೂ ಹೇಳಲಿಲ್ಲ.

ನಾಳೆ ಬಿಡುಗಡೆಯ ದಿನ. ಆಟ ಮುಗಿದ ಮೇಲೆ ಊರೆಲ್ಲ ಸೇರಿ ದಾಟಿನಲ್ಲಿ ಕೊನೆಯ ಕಲ್ಲುಗಳನ್ನು ನೆಡುವುದೆಂದು ಗೊತ್ತಾಗಿದೆ. ಏಮ್ಕಾ ಬರುವುದಿಲ್ಲ. ದೊರೆಯ ವೇಷ ನಾನೇ ಹಾಕುತ್ತೇನೆ, ಮುಖಕ್ಕೆ ಹಿಟ್ಟು ಬಳಿದುಕೊಳ್ಳದೆ, ಇದೇ ಕಪ್ಪು ಮುಖದಲ್ಲಿ, ಇದೇ ಸೀರೆಯಲ್ಲಿ. ದಾಟಿನಲ್ಲೇ, ಹಮ್ಮಣ್ಣನ ಪಕ್ಕದಲ್ಲಿ, ನೆಡಲು ತಂದಿಟ್ಟ ಕಲ್ಲಿನ ಮೇಲೆ ನಿಂತು ದೊರೆಯ ಮಾತು ಹೇಳುತ್ತೇನೆ. ಎದುರಿಗೆ ಮಕ್ಕಳು ಪೊರಕೆ ಹಿಡಿದು ನಿಂತಿರುತ್ತಾರೆ, ಅವರ ನಡುವೆ ಹಮ್ಮಣ್ಣನ ಮಗಳೂ. ಅಜ್ಜಿಗೆ ಹೊಡೆಯುವುದು ಹೇಗೆ ಎಂದು ಅವರು ಪೊರಕೆ ಇಳಿಸಿಬಿಟ್ಟರೆ ದಾಟು ಹೋಯಿತು. ಹೊಡೆದರೆ, ದೊರೆಯ ಪಕ್ಕ ನಿಂತವನು ತಾನೇ ಎಂದು ಹಮ್ಮಣ್ಣನಿಗೆ ಕಂಡೀತು. ಒಂದೇ ಒಂದು ಪೆಟ್ಟು ನನ್ನ ಮೇಲೆ ಬೀಳಲಿ ಎಂದು ಹಾರೈಸಿ.

ನಿಮ್ಮ,
ಮಾದೇವಿ